ಸಾನ್ ಬಸಿಲಿಯೊ ಬೀದಿಯ ಫೋಟೊ

ಚೌಕಟ್ಟು ಗೋಡೆಯ ಮೇಲೇ ಇತ್ತು. ಗಾಜು ಒಡೆದಿರಲಿಲ್ಲ. ಒಳಗಿದ್ದ ಫೋಟೊ ಮಾತ್ರ ಇರಲಿಲ್ಲ.

ಧೂಳು ಒರೆಸುವ ಬಟ್ಟೆಯನ್ನು ಹಿಡಿದುಕೊಂಡು ವಸತಿಗೃಹದ ಒಡತಿ ವಿಸಿತಾಸಿಯೋನ್, ಬೀದಿಯವರ ಬಾಯಲ್ಲಿ ವಿಸಿ, ಅದರ ಮುಂದೆ ನಿಂತುಬಿಟ್ಟಿದ್ದಳು. ಗಾಜಿನ ಹಿಂದೆ ಬರೀ ರಟ್ಟು. ಫೋಟೊ ಇದ್ದಷ್ಟು ಜಾಗ ಬಣ್ಣ ಮಾಸದೆ ಉಳಿದು, ಅಲ್ಲಿ ಏನೋ ಇತ್ತು ಎಂಬುದನ್ನು ಎತ್ತಿ ತೋರಿಸುತ್ತಿತ್ತು.

ಎಂದಿನಂತೆ ಬೆಳಗಿನ ಕಾಫಿಗೆ ಬಂದ ಅನ್ಸೆಲ್ಮೊ ಕೇರೊ ಅವಳ ಬೆನ್ನು ನೋಡಿಯೇ ಏನೋ ಎಡವಟ್ಟಾಗಿದೆ ಎಂದುಕೊಂಡ. ಅವನು ಎದುರು ಮನೆಯವನು. ಪೊಲೀಸ್ ಇನ್ಸ್‌ಪೆಕ್ಟರಾಗಿ ಅರ್ಧ ಆಯುಷ್ಯ ಸ್ಪೇನಿನ ಈ ಕೊರ್ದೊಬಾದಲ್ಲೇ ಕಳೆದು, ನಿವೃತ್ತನಾದ ಮೇಲೂ ತನ್ನ ಊರಿಗೆ ಹೋಗದೆ ಇಲ್ಲೇ ಉಳಿದಿದ್ದ. ಯಾಕೆ ಉಳಿದೆ ಎಂದು ಯಾರಾದರೂ ಕೇಳಿದರೆ ವಿಸಿಯ ಕಾಫಿಗೋಸ್ಕರ ಎನ್ನುತ್ತಿದ್ದ. ಜನ ಅದನ್ನು ತಮಾಷೆ ಎಂದು ತಿಳಿದಿದ್ದರು. ವಿಸಿತಾಸಿಯೋನ್ ಕೂಡ.

"ಅಮ್ಮ ಹೋದ್ಲು," ಎಂದಳು ಅವಳು, ತಿರುಗದೆ.

ಅವಳ ಅಮ್ಮ ಅಂಪಾರೊ ತೀರಿಕೊಂಡದ್ದು ಹಿಂದಿನ ಚಳಿಗಾಲದಲ್ಲಿ. ಅನ್ಸೆಲ್ಮೊ ಒಂದು ಕ್ಷಣ ಗಾಬರಿಯಾದ. ಆಮೇಲೆ ಖಾಲಿ ಚೌಕಟ್ಟು ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ಇದೇ ಅಂಗಳದಲ್ಲಿ ಇನ್ನೊಬ್ಬ ಹೆಂಗಸಿನ ಜೊತೆ ನಗುತ್ತಾ ನಿಂತ, ಹರೆಯದ ಅಂಪಾರೊ.

ಅವನು ಚೌಕಟ್ಟನ್ನು ಇಳಿಸಿ ಹಿಂದುಮುಂದು ನೋಡಿದ. ರಟ್ಟನ್ನು ಹಿಡಿದಿದ್ದ ಸಣ್ಣ ಮೊಳೆಗಳನ್ನು ಯಾರೋ ಒಂದೊಂದಾಗಿ ಬಗ್ಗಿಸಿ, ಫೋಟೊ ತೆಗೆದು, ಮತ್ತೆ ಒಂದೊಂದಾಗಿ ಮಡಚಿ ಕೂರಿಸಿದ್ದರು. ಆತುರದ ಕೆಲಸವಲ್ಲ. ಗಾಜನ್ನು ಒಳಗಡೆಯಿಂದ ಒರೆಸಿಯೂ ಇದ್ದರು.

"ನೀನು ಒಳಗಡೆ ಯಾವತ್ತಾದ್ರೂ ಒರೆಸಿದ್ಯಾ?"

"ಬಿಚ್ಚಿದ್ರೆ ತಾನೆ ಒರೆಸೋದು? ಅಮ್ಮ ಬಿಚ್ಚೋಕೆ ಬಿಡ್ತಿರ್ಲಿಲ್ಲ."

ಹಾಗಾದರೆ ಇವನೆಂಥ ಕಳ್ಳ? ಕದಿಯಲು ಬಂದವನು ಗಾಜು ಒರೆಸಿ ಹೋಗುತ್ತಾನೆಯೇ?

ನಿನ್ನೆ ಸಂಜೆ ಫೋಟೊ ಇದ್ದದ್ದು ಖಂಡಿತ. ಮೇ ತಿಂಗಳ ಹಬ್ಬ ನಡೆಯುತ್ತಿತ್ತು. ಊರಿನ ಹಳೆಯ ಮನೆಗಳೆಲ್ಲ ಒಳಂಗಳದ ಬಾಗಿಲು ತೆರೆದು, ಗೋಡೆ ತುಂಬ ಹೂಕುಂಡ ನೇತುಹಾಕಿ, ಬಂದವರಿಗೆಲ್ಲ ತೋರಿಸಿ, ಬಹುಮಾನಕ್ಕೆ ಸ್ಪರ್ಧಿಸುವ ಕಾಲ. ನಿನ್ನೆಯ ಜಾತ್ರೆಯಂಥ ಜನ ಹೊರಟ ಮೇಲೆ ಬಾಗಿಲಿಗೆ ಅಗುಳಿ ಹಾಕಿ, ಗೋಡೆಯಲ್ಲಿದ್ದ ಫೋಟೊಗೆ ದಿನದಂತೆ ಶುಭರಾತ್ರಿ ಹೇಳಿಯೇ ತಾನು ಮಲಗಿದ್ದು ಎಂದಳು ವಿಸಿ. ಹೇಳಿದ ಮೇಲೆ ನಾಚಿಕೊಂಡಳು.

ಅಂದರೆ ಕಳ್ಳ ಒಳಗಿನವನೇ. ಹಳೆಯ ಬಾಡಿಗೆ ಕೋಣೆಗಳನ್ನೇ ಪ್ರವಾಸಿಗಳಿಗೆ ಕೊಡುವ ಈ ವಸತಿಗೃಹದಲ್ಲಿ ಆಗ ಇದ್ದವರು ಇಬ್ಬರೇ ಅತಿಥಿಗಳು. ಬಿಲ್ಬಾವೊದಿಂದ ಬಂದ ಛಾಯಾಗ್ರಾಹಕ ಇನ್ಯಾಕಿ. ಫ್ರಾನ್ಸಿನ ಲಿಯೋನ್ ಪಟ್ಟಣದ ಆನ್ಯೆಸ್ ಫೆರಾನ್ ಎಂಬ, ಅರವತ್ತರ ಆಸುಪಾಸಿನ ಹೆಂಗಸು. ಇವರಲ್ಲದೆ, ಬೆಳಗ್ಗೆ ವಿಸಿ ಬಾಗಿಲು ತೆಗೆಯುತ್ತಿದ್ದಂತೆ ರಿಪೇರಿಯಾದ ಕುರ್ಚಿ ತಂದಿಟ್ಟು ಹೋದ ಹಳೆ ಸಾಮಾನಿನ ಅಂಗಡಿಯ ಕಸಿಮಿರೊ.

"ನನ್ನ ಬಿಟ್ಟುಬಿಟ್ಯಲ್ಲ," ಎಂದ ಅನ್ಸೆಲ್ಮೊ. "ನಾನೂ ದಿನಾ ಬರ್ತೀನಿ."

"ಏನ್ರೀ ಇನ್ಸ್‌ಪೆಕ್ಟರ್ರೇ, ನಿಮ್ಮ ಕನ್ನಡಕಾನೇ ನಿಮಗೆ ಸಿಗಲ್ಲ. ನೀವು ಕದ್ದಿದ್ರೆ ಇಷ್ಟು ಹೊತ್ತಿಗೆ ಅದನ್ನೂ ಎಲ್ಲೋ ಇಟ್ಟು ಮರೆತಿರ್ತಿದ್ರಿ."

ಅವಳ ಕಣ್ಣು ತುಂಬಿತ್ತು. ಪೊಲೀಸರನ್ನು ಕರೆಯುತ್ತೇನೆ ಎಂದಳು. ಮಧ್ಯಾಹ್ನದವರೆಗೆ ತಡೆ ಎಂದು ಅನ್ಸೆಲ್ಮೊ ಕೇಳಿಕೊಂಡ. ನಿವೃತ್ತನಾದ ಮೇಲೆ ಯಾರೂ ಅವನನ್ನು ಏನನ್ನೂ ಹುಡುಕಿಕೊಡು ಎಂದು ಕೇಳಿರಲಿಲ್ಲ. ಇವಳೂ ಕೇಳಿರಲಿಲ್ಲ, ಅವನಾಗಿಯೇ ಮೈಮೇಲೆ ಹಾಕಿಕೊಂಡ.

ಕಸಿಮಿರೊ ಅಂಗಡಿಯ ಮುಂದೆ ಕೂತು, ಎಣ್ಣೆ ಸುರಿದ ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜುತ್ತಿದ್ದ. ವಿಷಯ ಕೇಳಿ ಅವನಿಗೆ ಅವಮಾನಕ್ಕಿಂತ ನಗುವೇ ಹೆಚ್ಚಾಗಿ ಬಂತು.

"ಚೌಕಟ್ಟು ಹೋಯ್ತಾ?"

"ಇಲ್ಲ. ಫೋಟೊ ಮಾತ್ರ."

"ಮತ್ತೆ ನನ್ನ ಹತ್ರ ಯಾಕೆ ಬಂದ್ರಿ? ಅದು ಅಕ್ರೋಟ್ ಮರದ ಚೌಕಟ್ಟು. ಕೊಡೇ ತಾಯಿ ಅಂತ ವರ್ಷಗಟ್ಟಲೆ ಅಂಪಾರೊನ್ನ ಬೇಡಿದೀನಿ. ಕದಿಯೋನಾಗಿದ್ರೆ ಅದನ್ನ ಎತ್ಕೊಂಡು, ಫೋಟೊನ ಮೇಜಿನ ಮೇಲಿಟ್ಟು ಬರ್ತಿದ್ದೆ. ಆ ಇಬ್ಬರು ಹೆಂಗಸರನ್ನ ಮನೆಗೆ ತಂದು ನಾನು ಏನು ಮಾಡ್ಲಿ? ನನ್ನ ಹೆಂಡತಿ ಒಬ್ಬಳೇ ಸಾಕಾಗಿದಾಳೆ."

ಮಾತು ಒರಟಾದರೂ ಸರಿಯಾಗಿಯೇ ಇತ್ತು. ಅನ್ಸೆಲ್ಮೊ ಹಿಂದಿರುಗಿದ.

ಇನ್ಯಾಕಿ ಮಹಡಿಯ ಕೋಣೆಯಲ್ಲಿ ಕ್ಯಾಮೆರಾ ಒರೆಸುತ್ತಿದ್ದ. ಅವನಿಗೆ ಫೋಟೊ ಬಹಳ ಹಿಡಿಸಿದ್ದು ನಿಜ. ಬಂದ ದಿನವೇ ವಿಸಿಯ ಅಪ್ಪಣೆ ಕೇಳಿ, ಅದನ್ನು ಬಿಸಿಲಿಗೆ ಹಿಡಿದು ತನ್ನ ಕ್ಯಾಮೆರಾದಲ್ಲಿ ತೆಗೆದುಕೊಂಡಿದ್ದ. ಕಂಪ್ಯೂಟರ್ ತೆರೆದು ತೋರಿಸಿದ.

"ನನಗೆ ಬೇಕಾದ್ದು ಆಗಲೇ ನನ್ನ ಹತ್ರ ಇದೆಯಲ್ಲ. ಕಾಗದ ಕದ್ದು ಏನು ಮಾಡ್ಲಿ? ಬೇಕಾದ್ರೆ ಇದರದೇ ಪ್ರಿಂಟ್ ಹಾಕಿಸಿಕೊಡ್ತೀನಿ. ಹಳೇದಕ್ಕಿಂತ ಚೆನ್ನಾಗಿರುತ್ತೆ."

ಅದನ್ನು ಕೆಳಗೆ ಹೋಗಿ ಹೇಳಿದಾಗ ವಿಸಿ ಬೇಡವೆಂದು ತಲೆಯಾಡಿಸಿದಳು. ಚೆನ್ನಾಗಿರುವುದು ಅವಳಿಗೆ ಬೇಕಿರಲಿಲ್ಲ. ಗೋಡೆಗೆ ಹಾಕುವ ಮುಂಚೆ ಅಮ್ಮ ಅದನ್ನು ಎಷ್ಟೋ ಕಾಲ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದಳಂತೆ. ಒಂದು ಮೂಲೆ ಅವಳ ಹೆಬ್ಬೆರಳಿನಿಂದಲೇ ಸವೆದಿತ್ತು.

"ನಿಮ್ಮಮ್ಮನ ಭುಜದ ಮೇಲೆ ಕೈ ಹಾಕಿರೋಳು ಯಾರು?"

"ಎನ್‌ಕಾರ್ನಾ. ಇಲ್ಲೇ ಬಾಡಿಗೆಗಿದ್ಲು. ಆಗ ಈ ಅಂಗಳದ ಸುತ್ತ ಕೋಣೆಗೊಂದು ಸಂಸಾರ. ಆಮೇಲೆ ಕೆಲಸ ಹುಡುಕ್ಕೊಂಡು ಊರು ಬಿಟ್ರು. ಆ ಕಾಲದಲ್ಲಿ ಬಿಡದವರು ಯಾರು?" ಅವಳು ಇನ್ನೇನೋ ಹೇಳಹೊರಟು ನಿಲ್ಲಿಸಿದಳು. "ಹಳೇ ಕಥೆ ಬಿಡಿ."

ಉಳಿದವಳು ಆನ್ಯೆಸ್. ಬೆಳಗ್ಗೆಯೇ ಪೆಟ್ಟಿಗೆ ಕಟ್ಟಿಟ್ಟು, ಮಧ್ಯಾಹ್ನದ ಮ್ಯಾಡ್ರಿಡ್ ರೈಲಿಗೆ ಹೊರಡುವ ಮುಂಚೆ ಊರನ್ನು ಕೊನೆಯ ಸಲ ನೋಡಿ ಬರುತ್ತೇನೆಂದು ಹೋಗಿದ್ದಳು.

ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಕೊನೆಯ ಸಲ ನೋಡುವವರೆಲ್ಲ ಹೋಗುವುದು ರೋಮನ್ನರ ಸೇತುವೆಗೆ. ಅದರ ಮೇಲೆ ನಿಂತರೆ ಕೆಳಗೆ ಗ್ವಾದಲ್ಕಿವಿರ್ ನದಿ, ಮುಂದೆ ಹಳದಿ ಗೋಡೆಗಳ ಮೇಲೆ ಎದ್ದು ನಿಂತ, ಮಸೀದಿಯೂ ಇಗರ್ಜಿಯೂ ಒಂದೇ ಆದ ಆ ದೊಡ್ಡ ಕಟ್ಟಡ. ಆನ್ಯೆಸ್ ಕಲ್ಲುಕಟ್ಟೆಗೆ ಒರಗಿ ನಿಂತಿದ್ದಳು. ಕಟ್ಟಡ ನೋಡುತ್ತಿರಲಿಲ್ಲ. ದಡದ ಹುಲ್ಲಿನಲ್ಲಿ ಬಟ್ಟೆ ಹರಡಿಕೊಂಡು ಊಟಕ್ಕೆ ಕೂತಿದ್ದ ಒಂದು ಸಂಸಾರವನ್ನು ನೋಡುತ್ತಿದ್ದಳು. ತಾಯಿಯೊಬ್ಬಳು ಬಟ್ಟಲಿಗೆ ದಪ್ಪನೆಯ ತಣ್ಣನೆಯ ಟೊಮ್ಯಾಟೊ ಸಾರು ಬಡಿಸಿ, ಬೆರಳಿಗೆ ಹತ್ತಿದ್ದನ್ನು ಮಗಳ ಮೂಗಿಗೆ ಒರೆಸಿದಳು.

ಅನ್ಸೆಲ್ಮೊ ತನ್ನ ಪರಿಚಯ ನೆನಪಿಸಿದ. ಬಂದ ದಿನ ಅಂಗಳದಲ್ಲಿ ನೋಡಿದ್ದೇನೆ, ಮರೆತಿಲ್ಲ ಎಂದಳು. ಅವಳ ಸ್ಪ್ಯಾನಿಷ್ ಪಾಠಶಾಲೆಯ ಪುಸ್ತಕ ಓದಿದ ಹಾಗಿತ್ತು. ಒಂದು ಅಕ್ಷರ ನುಂಗುತ್ತಿರಲಿಲ್ಲ. ಈ ಊರಿನ ಜನ ಅರ್ಧ ಅಕ್ಷರಗಳನ್ನು ನುಂಗಿಯೇ ಮಾತಾಡುವವರು.

"ನೋಡಬೇಕಾದ್ದೆಲ್ಲ ನೋಡಿದ್ರಾ, ಮೇಡಂ?"

"ನೋಡಿದೆ. ಮಸೀದಿಯ ಒಳಗಿನ ಆ ಕಂಬಗಳ ಕಾಡು, ಕಿತ್ತಳೆ ಮರಗಳು, ಅರಮನೆ ತೋಟ. ಎಲ್ಲವೂ ಅಂದುಕೊಂಡಿದ್ದಕ್ಕಿಂತ ಚಿಕ್ಕವಾಗಿವೆ."

ಅನ್ಸೆಲ್ಮೊಗೆ ಉತ್ತರ ವಿಚಿತ್ರವೆನಿಸಿತು. ಆ ಕಂಬಗಳ ನಡುವೆ ನಿಂತು ಬಾಯಿ ತೆರೆದವರನ್ನು ನೋಡಿದ್ದ, ಅತ್ತವರನ್ನೂ ನೋಡಿದ್ದ. ಚಿಕ್ಕದು ಎಂದವರನ್ನು ನೋಡಿರಲಿಲ್ಲ.

ಅವನು ಫೋಟೊ ವಿಷಯ ಹೇಳಿದ. ಅವಳು ಅವನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು.

"ನನ್ನ ಪೆಟ್ಟಿಗೆ ತೆಗೆದು ನೋಡಬೇಕೇ?"

"ಆ ಅಧಿಕಾರ ನನಗಿಲ್ಲ. ನಾನು ಬರೀ ಎದುರುಮನೆಯವನು." ಆಮೇಲೆ ಕೇಳಿದ, "ಈ ಊರಿಗೆ ಯಾಕೆ ಬಂದ್ರಿ?"

"ಪ್ರವಾಸಿಯಾಗಿದ್ದರೆ ಅದೊಂದು ಸುಖ, ಸೆನ್ಯೋರ್. ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ನೀವೇ ಮೊದಲು ಕೇಳಿದ್ದು."

ತಲೆಯ ಮೇಲಿನ ಹುಲ್ಲಿನ ಟೋಪಿ ಗಾಳಿಗೆ ಹಾರದಂತೆ ಕೈಯಲ್ಲಿ ಒತ್ತಿ ಹಿಡಿದುಕೊಂಡಳು.

ಟೋಪಿ. ಅನ್ಸೆಲ್ಮೊ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಆ ಟೋಪಿಯದು ಏನೋ ಇತ್ತು. ಏನು?

ನೆನಪಾದದ್ದು ಬೀದಿಯ ತಿರುವಿನಲ್ಲಿ. ಅವಳು ಬಂದ ದಿನ. ಅವನು ಅಂಗಳದಲ್ಲಿ ಕೂತಿದ್ದ. ಬಿಸಿಲಿನಿಂದ ಒಳಬಂದವಳು ಬಾವಿಯ ಪಕ್ಕದ ಕೋಣೆಯ ಹತ್ತಿರ ಬಂದು, ಟೋಪಿ ತೆಗೆದು, ಗೋಡೆಯ ಕಡೆ ನೋಡದೆ ಕೈ ಚಾಚಿ, ತಗುಲಿಸಿದಂತೆ ಅದನ್ನು ಬಿಟ್ಟಳು. ಟೋಪಿ ನೆಲಕ್ಕೆ ಬಿತ್ತು. ಅವಳೇ ನಕ್ಕು, ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಎತ್ತಿಕೊಂಡಳು. ವಿಸಿಯೂ ನಕ್ಕಿದ್ದಳು. ಅವನೂ.

ಇನ್ಸ್‌ಪೆಕ್ಟರ್ ಎನಿಸಿಕೊಂಡವನು ಅದನ್ನು ನೋಡಿಯೂ ಕಾಫಿ ಕುಡಿಯುತ್ತಾ ಕೂತಿದ್ದನೇ?

ಅವನು ನೇರ ಮಹಡಿ ಹತ್ತಿ ಇನ್ಯಾಕಿಯ ಬಾಗಿಲು ತಟ್ಟಿದ. ಕಂಪ್ಯೂಟರಿನಲ್ಲಿ ಆ ಫೋಟೊ ಮತ್ತೆ ತೆರೆಸಿದ. ನಗುತ್ತಿದ್ದ ಅಂಪಾರೊ, ನಗುತ್ತಿದ್ದ ಎನ್‌ಕಾರ್ನಾ. ಅವರನ್ನು ಬಿಡಿ, ಹಿಂದಿನ ಗೋಡೆ ದೊಡ್ಡದು ಮಾಡಿ ಎಂದ. ಇನ್ಯಾಕಿ ಮಾಡಿದ. ಇನ್ನೂ ದೊಡ್ಡದು. ಕೋಣೆಯ ಬಾಗಿಲು ಕಂಡಿತು. ಬಾಗಿಲ ಪಕ್ಕದ ಗೋಡೆ ಕಂಡಿತು. ಅನ್ಸೆಲ್ಮೊ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡಿ, ಕೆಳಗಿಳಿದು, ಬಾವಿಯ ಪಕ್ಕದ ಗೋಡೆಯನ್ನು ಅಂಗೈಯಿಂದ ಸವರತೊಡಗಿದ. ಸುಣ್ಣದ ಮೇಲೆ ಸುಣ್ಣ ಬಳಿದು ಗೋಡೆ ದಪ್ಪಗಾಗಿತ್ತು. ಸೊಂಟದ ಎತ್ತರದಲ್ಲಿ ಬೆರಳಿಗೆ ಒಂದು ಸಣ್ಣ ಗುಳಿ ಸಿಕ್ಕಿತು.

ಊಟದ ಹೊತ್ತಿಗೆ ಆನ್ಯೆಸ್ ಪೆಟ್ಟಿಗೆ ಒಯ್ಯಲು ಬಂದಳು. ಬೀದಿ ಬಾಗಿಲು ಹಾಕಿತ್ತು. ಈ ಹೊತ್ತಿಗೆ ಊರೇ ಮಧ್ಯಾಹ್ನದ ನಿದ್ದೆಗೆ ಕಣ್ಣು ಮುಚ್ಚುತ್ತದೆ. ಒಂದು ನಿಮಿಷ ಕೂತು ಹೋಗಿ ಎಂದು ಅನ್ಸೆಲ್ಮೊ ಕುರ್ಚಿ ಎಳೆದ. ಅವಳು ಕೂರಲಿಲ್ಲ. ವಿಸಿ ಅವನ ಮುಖವನ್ನೂ ಅವಳ ಮುಖವನ್ನೂ ನೋಡಿದಳು.

"ಈ ಕಳ್ಳತನದಲ್ಲಿ ನನಗೆ ಮೊದಲಿಂದ ಅರ್ಥವಾಗದ್ದು ಒಂದೇ," ಎಂದ ಅನ್ಸೆಲ್ಮೊ. "ಚೌಕಟ್ಟು ಬೇಕಾದವನು ಚೌಕಟ್ಟು ಬಿಟ್ಟು ಹೋಗ್ತಿರ್ಲಿಲ್ಲ. ಚಿತ್ರ ಬೇಕಾದವನು ಫೋನಲ್ಲಿ ತೆಗೆದುಕೊಂಡು ಸುಮ್ಮನಾಗ್ತಿದ್ದ. ಇವರಿಗೆ ಆ ಕಾಗದವೇ ಬೇಕಾಗಿತ್ತು. ಗಾಜು ಒರೆಸಿಟ್ಟಿದಾರೆ. ಅಂದ್ರೆ ಈ ಮನೆಗೆ ಅವಮಾನ ಮಾಡೋ ಮನಸ್ಸಿರ್ಲಿಲ್ಲ. ಆ ಕಾಗದ ಹಾಗೆ ಬೇಕಾಗಿರೋದು ಯಾರಿಗೆ? ಅದರಲ್ಲಿ ಇರೋರಿಗೆ."

ಅವನು ವಿಸಿಯ ಕಡೆ ತಿರುಗಿದ.

"ವಿಸಿ, ಇವರು ಬಂದ ದಿನ ಮಹಡಿ ಮೇಲೆ ಗಾಳಿ ಬೆಳಕಿನ ಕೋಣೆ ಖಾಲಿ ಇತ್ತು. ಇವರು ಯಾವುದು ಕೇಳಿದ್ರು?"

"ಬಾವಿ ಪಕ್ಕದ್ದು." ವಿಸಿಗೆ ಈಗ ಆಶ್ಚರ್ಯವಾಯಿತು. "ತೇವ ಇರುತ್ತೆ ಅಂದೆ. ಪರವಾಗಿಲ್ಲ ಅಂದ್ರು."

"ಈ ಗೋಡೇಲಿ ಹಿಂದೆ ಏನಿತ್ತು?"

"ಮೊಳೆಗಳು. ಹಳೇ ಕಾಲದ್ದು. ಒಬ್ಬೊಬ್ಬರಿಗೆ ಒಂದು. ಅತಿಥಿಗಳ ಬಟ್ಟೆ ಹರಿಯುತ್ತೆ ಅಂತ ಅಮ್ಮ ಕೀಳಿಸಿದ್ಲು."

"ಇವರ ಟೋಪಿ ಬಿದ್ದದ್ದು ನೆನಪಿದ್ಯಾ? ನಾವು ನಕ್ಕಿದ್ವಿ. ನಗಬಾರದಿತ್ತು. ದೊಡ್ಡವರು ಟೋಪಿ ತಗುಲಿಸೋಕೆ ಕೈ ಮೇಲೆತ್ತುತ್ತಾರೆ. ಇವರು ಇಷ್ಟು ಕೆಳಗೆ ಚಾಚಿದ್ರು." ಅವನು ಸೊಂಟದ ಹತ್ತಿರದ ಗುಳಿಯ ಮೇಲೆ ಬೆರಳಿಟ್ಟ. "ಇಲ್ಲಿ. ನೋಡದೇನೇ. ಆ ಫೋಟೊದಲ್ಲಿ ಈ ಜಾಗದಲ್ಲೇ ಒಂದು ಪುಟ್ಟ ಟೋಪಿ ನೇತಾಡ್ತಿದೆ. ಇಷ್ಟು ಎತ್ತರದಲ್ಲಿ ಮೊಳೆ ಹೊಡೆಯೋದು ಮಗುವಿಗೆ ಮಾತ್ರ. ಊರೆಲ್ಲ ಚಿಕ್ಕದಾಗಿ ಕಾಣೋದೂ ಮಗುವಾಗಿದ್ದಾಗ ನೋಡಿ ಹೋದವರಿಗೇ. ಫ್ರೆಂಚರು ಆನ್ಯೆಸ್ ಅಂತ ಕರೆಯೋ ಹೆಸರನ್ನ ನಾವು ಹೇಗೆ ಕರೀತೀವಿ, ವಿಸಿ?"

"ಇನೆಸ್," ಎಂದಳು ವಿಸಿ. ಮರುಕ್ಷಣ ಅವಳ ಕೈ ಬಾಯಿಗೆ ಹೋಯಿತು. ಅಮ್ಮ ಹೇಳುತ್ತಿದ್ದ ಹಳೇ ಕಥೆಯಲ್ಲಿ ಆ ಹೆಸರಿನ ಪುಟ್ಟ ಹುಡುಗಿಯೊಬ್ಬಳಿದ್ದಳು.

"ಫೋಟೊ ಒಯ್ದದ್ದು ಎನ್‌ಕಾರ್ನಾಳ ಮಗಳು. ಅಲ್ವಾ ಮೇಡಂ?"

ಆನ್ಯೆಸ್ ಕೈಚೀಲದಿಂದ ಒಂದು ಪುಸ್ತಕ ತೆಗೆದು, ಅದರ ಪುಟಗಳ ನಡುವೆ ಸುಕ್ಕಾಗದಂತೆ ಇಟ್ಟಿದ್ದ ಫೋಟೊವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೂತಳು. ಮಾತಾಡಿದಾಗ ಪುಸ್ತಕದ ಭಾಷೆ ಎಲ್ಲೋ ಹೋಗಿತ್ತು. ಈ ಬೀದಿಯ ಮಾತೇ, ಅಕ್ಷರ ನುಂಗಿಕೊಂಡು, ತಡವರಿಸಿಕೊಂಡು ಬಂತು.

"ಅಮ್ಮನ್ನ ಮಾಡದೇ ಇರೋ ತಪ್ಪಿಗೆ ಇಲ್ಲಿಂದ ಓಡಿಸಿದ್ರು. ನಾನು ಮಾಡೇ ಸಿಕ್ಕಿಬಿದ್ದೆ."

ಆಮೇಲೆ ಅವಳು ಹೇಳಿದ್ದು, ಅರ್ಧ ಕಥೆ. ಆ ವರ್ಷದ ಹಬ್ಬಕ್ಕೆ ಇಬ್ಬರು ಗೆಳತಿಯರೂ ಸೇರಿ ಅಂಗಳ ಸಿಂಗರಿಸಿದ್ದರು. ತೀರ್ಪುಗಾರರು ಬರುವ ಹಿಂದಿನ ದಿನ ಅಂಪಾರೊಳ ಅಜ್ಜಿಯ ಕಾಲದ ದೊಡ್ಡ ಜೆರೇನಿಯಂ ಕುಂಡ ನೆಲಕ್ಕೆ ಬಿದ್ದು ಚೂರಾಗಿತ್ತು. ಸ್ಪರ್ಧೆಗೆ ಬರೀ ಮನೆಯೊಡತಿಯ ಹೆಸರು ಹೋಗಿದೆ ಎಂದು ಎನ್‌ಕಾರ್ನಾ ಅದಕ್ಕೆ ಮುಂಚೆ ಗೊಣಗಿದ್ದು ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ನೀನೇ ಬೀಳಿಸಿದೆ ಎಂದಳು ಅಂಪಾರೊ, ಎಲ್ಲರ ಮುಂದೆ. ಎನ್‌ಕಾರ್ನಾ ಒಂದು ಮಾತೂ ಆಡದೆ ಒಳಗೆ ಹೋಗಿ ಗಂಟುಮೂಟೆ ಕಟ್ಟಿದಳು. ಲಿಯೋನ್‌ನಲ್ಲಿ ನೆಲೆ ನಿಂತ ಮೇಲೆ ಆ ಮನೆಯಲ್ಲಿ ಕೊರ್ದೊಬಾದ ಹೆಸರೆತ್ತುವ ಹಾಗಿರಲಿಲ್ಲ.

"ಈಗ ಅವಳಿಗೆ ವಯಸ್ಸಾಗಿ ಎಲ್ಲಾ ಮರೆತುಹೋಗಿದೆ. ಗಂಡನ ಹೆಸರು ಮರೆತಿದಾಳೆ. ಫ್ರೆಂಚ್ ಪೂರ್ತಿ ಮರೆತಿದಾಳೆ. ನನ್ನನ್ನ ನರ್ಸ್ ಅಂದ್ಕೋತಾಳೆ. ಇಡೀ ದಿನ ಅಂಪಾರೊ ಅಂಪಾರೊ ಅಂತ ಕರೀತಾಳೆ. ಒಂದು ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಇನ್ನೇನೂ ಇರ್ಲಿಲ್ಲ ಮನಸ್ಸಲ್ಲಿ. ಗೋಡೆ ಮೇಲೆ ಅಮ್ಮ ನಗ್ತಿದ್ಲು. ಅವಳು ಹಾಗೆ ನಗೋದನ್ನ ನಾನು ಫ್ರಾನ್ಸಲ್ಲಿ ಯಾವತ್ತೂ ನೋಡಿಲ್ಲ. ಫೋನಲ್ಲಿ ತೋರಿಸಿದ್ರೆ ಅವಳಿಗೆ ಅದು ಚಿತ್ರ ಅಂತಾನೇ ತಿಳಿಯಲ್ಲ. ಕೈಗೆ ಕೊಡಬೇಕು ಅನ್ನಿಸ್ತು."

"ಕೇಳಬಹುದಿತ್ತಲ್ಲ ನನ್ನ," ಎಂದಳು ವಿಸಿ.

"ಯಾರು ಅಂತ ಹೇಳಿ ಕೇಳ್ಲಿ? ಕುಂಡ ಒಡೆದವಳ ಮಗಳು ಅಂತಲಾ?"

ವಿಸಿ ಎದ್ದು ಹೋಗಿ ಎದುರು ಗೋಡೆಯ ಮುಂದೆ ನಿಂತಳು. ಬೆಳಗ್ಗೆ ನುಂಗಿಕೊಂಡ ಮಾತನ್ನು ಈಗ ಹೇಳಿದಳು. ಆ ಜಗಳದ ಮರುವರ್ಷ ಮೇ ತಿಂಗಳಲ್ಲಿ, ಇದೇ ಗೋಡೆಯಲ್ಲಿ, ಇಂಥದೇ ಮಧ್ಯಾಹ್ನ ಇನ್ನೊಂದು ಕುಂಡ ತಾನಾಗಿಯೇ ಬಿತ್ತು. ಅಂಪಾರೊ ಅಂಗಳದಲ್ಲಿ ಒಬ್ಬಳೇ ಕೂತಿದ್ದಳು. ನೋಡಿದರೆ ಕುಂಡ ಹಿಡಿದಿದ್ದ ಕಬ್ಬಿಣದ ಬಳೆ ಗೋಡೆಯೊಳಗೇ ತುಕ್ಕು ತಿಂದು ಮುರಿದಿತ್ತು. ಪಕ್ಕದಲ್ಲಿದ್ದ ಹಿಂದಿನ ವರ್ಷದ ಬಳೆಯ ಬುಡವೂ ಹಾಗೆಯೇ.

"ಅವತ್ತಿಂದ ಅಮ್ಮ ನಿಮ್ಮನ್ನ ಹುಡುಕಿದ್ಲು. ಬಾರ್ಸಿಲೋನಾ ಅಂದ್ರು ಕೆಲವರು, ಜರ್ಮನಿ ಅಂದ್ರು. ವಿಳಾಸ ಯಾರ ಹತ್ರಾನೂ ಇರ್ಲಿಲ್ಲ. ಆಮೇಲೆ ಈ ಫೋಟೊನ ಜೇಬಿಂದ ತೆಗೆದು ಗೋಡೆಗೆ ಹಾಕಿದ್ಲು. ಹಬ್ಬದಲ್ಲಿ ಲೋಕದ ಜನವೆಲ್ಲ ಬರ್ತಾರಲ್ಲ, ಯಾರಾದ್ರೂ ಒಬ್ಬರು ಇದರ ಮುಂದೆ ನಿಂತುಬಿಡ್ಲಿ ಅಂತ. ಪ್ರತಿ ಮೇನಲ್ಲೂ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಒಳಗೆ ಬರೋರ ಮುಖ ನೋಡ್ತಾ ಕೂರೋಳು. ಹೂ ಕೀಳ್ತಾರೆ ಅಂತ ಮುದುಕಿ ಕಾವಲು ಕೂತಿದಾಳೆ ಅಂತ ಜನ ನಗ್ತಿದ್ರು. ಹೋದ ವರ್ಷಾನೂ ಕೂತಿದ್ಲು."

ಅನ್ಸೆಲ್ಮೊ ತಲೆ ತಗ್ಗಿಸಿದ. ಹಾಗೆ ನಕ್ಕವರಲ್ಲಿ ಅವನೂ ಒಬ್ಬ. ಒಂದು ವರ್ಷ. ಒಂದೇ ಒಂದು ವರ್ಷ ಮುಂಚೆ ಈ ಹೆಂಗಸು ಬಂದಿದ್ದರೆ, ಎಂದುಕೊಂಡ. ಕೈಯಲ್ಲಿದ್ದ ಎಷ್ಟೋ ಪ್ರಕರಣಗಳಲ್ಲಿ ಅವನಿಗೆ ಹೀಗೆ ಅನಿಸಿದ್ದುಂಟು. ಈ ಸಲದಷ್ಟು ನೋವು ಆಗಿರಲಿಲ್ಲ. ಕಳ್ಳರನ್ನು ಹಿಡಿದುಕೊಟ್ಟ ಮೇಲೆ ಎದ್ದು ಹೋಗುವುದು ಅವನ ಅಭ್ಯಾಸ. ಇವತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೂತೇ ಇದ್ದ.

ವಿಸಿ ಫೋಟೊವನ್ನು ಆನ್ಯೆಸ್‌ಳ ಕೈಗಿಟ್ಟು, ಅವಳ ಬೆರಳುಗಳನ್ನು ಮಡಿಸಿದಳು. "ಇದು ನಿಮಗೋಸ್ಕರಾನೇ ಅಲ್ಲಿದ್ದಿದ್ದು," ಎಂದಳು. ಆಮೇಲೆ ಕೇಳಿದಳು, "ಫೋನ್ ಮಾಡಿದ್ರೆ ಅವರಿಗೆ ಕೇಳಿಸುತ್ತಾ?"

ಆನ್ಯೆಸ್ ಫೋನ್ ಹಚ್ಚಿದಳು. ಲಿಯೋನ್‌ನ ಯಾವುದೋ ವೃದ್ಧಾಶ್ರಮದಲ್ಲಿ ಯಾರೋ ಫ್ರೆಂಚ್‌ನಲ್ಲಿ ಮಾತಾಡಿದರು, ಕಾಲ ಸಪ್ಪಳ ಕೇಳಿಸಿತು, ಒಂದು ಮುಪ್ಪಿನ ಉಸಿರು ಹತ್ತಿರ ಬಂತು. ಮಗಳು ಏನು ಹೇಳಿದರೂ ಆ ಕಡೆಯಿಂದ ಉತ್ತರವಿಲ್ಲ. ವಿಸಿ ಕೈ ಚಾಚಿ ಫೋನ್ ತೆಗೆದುಕೊಂಡಳು.

"ಎನ್‌ಕಾರ್ನಾ," ಎಂದಳು.

ಆ ಕಡೆ ಉಸಿರು ನಿಂತಿತು.

"ಅಂಪಾರೊ?"

ವಿಸಿ ಕಣ್ಣು ಮುಚ್ಚಿಕೊಂಡಳು. ತಾನು ಯಾರು ಎಂದು ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಅವಳ ಮುಖದ ಮೇಲೆ ಹಾದುಹೋದದ್ದನ್ನು ಅನ್ಸೆಲ್ಮೊ ನೋಡಿದ.

"ಹೂಂ ಕಣೇ. ನಾನೇ. ಕುಂಡ ನೀನು ಬೀಳಿಸ್ಲಿಲ್ಲ. ಬಳೆ ತುಕ್ಕು ಹಿಡಿದಿತ್ತು. ತಪ್ಪು ನಂದು. ಕೇಳಿಸ್ತಾ?"

ಆಮೇಲೆ ಮುದುಕಿಯ ದನಿ, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ, ಓಣಿಯ ಆಚೆ ತುದಿಯಿಂದ ಕೂಗಿದಷ್ಟು ಸಲೀಸಾಗಿ ಬಂತು.

"ಇವತ್ತು ಸುಸ್ತಾಗಿದೆ ಕಣೇ. ನಾಳೆ ಬರ್ತೀನಿ. ಅಗುಳಿ ಹಾಕ್ಕೋಬೇಡ."

"ಹಾಕಲ್ಲ," ಎಂದಳು ವಿಸಿ. "ನೀನು ಬಾ."